ಮನೆಯಲ್ಲಿ ಒಬ್ಬರಿಗೆ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್: ಮಿಕ್ಕವರು ಏನು ಮಾಡಬೇಕು?

"ಅತ್ತೆಗೆ ಥೈರಾಯ್ಡ್ ಆಪರೇಷನ್ ಆಯಿತು. ಈಗ ನಾಲ್ಕು ವರ್ಷದ ಮಗನ ಥೈರಾಯ್ಡನ್ನೂ ತೆಗೆಸಬೇಕು ಅಂತಿದ್ದಾರೆ. ಅವನು ಚೆನ್ನಾಗಿ ಆಡಿಕೊಂಡಿದ್ದಾನೆ. ಏನೂ ಇಲ್ಲದ ಮಗುವಿನ ಕುತ್ತಿಗೆ ಕೊಯ್ಯಿಸೋದಾ?"

ಮುಂಬಯಿಯ ಪರೇಲ್‌ನ ಆಸ್ಪತ್ರೆಗಳಿಗೆ ಬರುವ ಕನ್ನಡದವರ ಜೊತೆ ಓಡಾಡಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು ರಜೆ ಸಿಕ್ಕ ದಿನ ನಾನು ಮಾಡುವ ಕೆಲಸ. ಈ ಪ್ರಶ್ನೆ ಡೊಂಬಿವ್ಲಿಯವರೂ ಕೇಳಿದ್ದಾರೆ, ಮೀರಾ ರೋಡ್‌ನವರೂ ಕೇಳಿದ್ದಾರೆ, ಕುಂದಾಪುರದಿಂದ ರಾತ್ರಿ ರೈಲು ಹತ್ತಿ ಬಂದವರೂ ಕೇಳಿದ್ದಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ವಿವರಿಸುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಯಾವುದರ ನಂತರ ಯಾವುದು ಆಗಬೇಕು ಎಂಬುದಷ್ಟೇ ಇಲ್ಲಿದೆ. ಆ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಜೀವಕ್ಕೂ ಕುತ್ತು.

ಹಂತಗಳಿಗೆ ಹೋಗುವ ಮುಂಚೆ, ವಿಷಯ ಏನು ಅಂತ ನಾಲ್ಕು ಮಾತು.

ನಮ್ಮ ಥೈರಾಯ್ಡ್ ಗ್ರಂಥಿಯೊಳಗೆ ಸಿ-ಕೋಶ ಎಂಬ ಸಣ್ಣ ಗುಂಪಿದೆ. ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ಮಾಡುವುದು ಅದರ ಕೆಲಸ. ಆ ಕೋಶಗಳಿಂದ ಹುಟ್ಟುವ ಕ್ಯಾನ್ಸರೇ ಮೆಡುಲ್ಲರಿ. ಇದು ಬಂದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಇದು ವಂಶದಿಂದ ಬಂದಿರುತ್ತದೆ. ಕಾರಣ ರೆಟ್ ಎಂಬ ಜೀನ್. ಜೀನ್ ಅಂದರೆ ಕೋಶ ಏನು ಮಾಡಬೇಕು ಎಂದು ಹೇಳುವ ಬರಹ. ರೆಟ್ ಇರುವುದು 10ನೇ ಕ್ರೋಮೋಸೋಮಿನಲ್ಲಿ. ಅದನ್ನು ಮನೆಯ ಕಾಲಿಂಗ್ ಬೆಲ್ ಅಂದುಕೊಳ್ಳಿ. ಹೊರಗಿನಿಂದ ಯಾರಾದರೂ ಒತ್ತಿದಾಗ ಮಾತ್ರ "ಬೆಳೆ" ಎಂದು ಕೂಗಬೇಕು. ಬರಹದಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಬೆಲ್ಲಿನ ಗುಂಡಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಯಾರೂ ಒತ್ತದೆಯೇ ಹಗಲೂ ರಾತ್ರಿ ಬಾರಿಸುತ್ತದೆ. ಈ ಅಕ್ಷರ ತಪ್ಪನ್ನೇ ಮ್ಯುಟೇಶನ್ ಅನ್ನುವುದು. ಹುಟ್ಟುವಾಗಲೇ ಬಂದಿದ್ದರೆ ಮೈಯ ಪ್ರತಿ ಕೋಶದಲ್ಲೂ ಇರುತ್ತದೆ.

ಈ ತಪ್ಪು ಇದ್ದವರಿಗೆ ಥೈರಾಯ್ಡ್ ಒಂದೇ ಅಲ್ಲ, ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲೂ ಗೆಡ್ಡೆ ಆಗಬಹುದು. ಕೆಲವರಿಗೆ ಪ್ಯಾರಾಥೈರಾಯ್ಡ್ ಎಂಬ ಕ್ಯಾಲ್ಸಿಯಂ ನೋಡಿಕೊಳ್ಳುವ ಗ್ರಂಥಿಗಳೂ ದಪ್ಪವಾಗುತ್ತವೆ. ಒಟ್ಟು ಈ ಕಟ್ಟಿಗೆ ಮೆನ್-2 ಎಂದು ಹೆಸರು. ಅದರಲ್ಲಿ 2ಎ, 2ಬಿ ಎಂದು ಎರಡು ಬಗೆ.

ಹಂತ 1: ರಿಪೋರ್ಟಿನಲ್ಲಿ ಒಂದು ಪದ ಹುಡುಕಿ

ಇಷ್ಟು ಓದಿ ಗಾಬರಿಯಾಗಿದ್ದರೆ ಮೊದಲು ಇದನ್ನು ಮಾಡಿ. ನಿಮ್ಮ ಮನೆಯವರ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ. 'ಮೆಡುಲ್ಲರಿ' ಎಂದು ಬರೆದಿದೆಯಾ? 'ಪ್ಯಾಪಿಲ್ಲರಿ' ಎಂದಿದ್ದರೆ ಈ ಲೇಖನ ನಿಮಗಲ್ಲ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ಪ್ಯಾಪಿಲ್ಲರಿಯೇ. ಅದಕ್ಕೂ ಮೆನ್-2ಕ್ಕೂ ಸಂಬಂಧವಿಲ್ಲ. ಇನ್ನು "ನನಗೆ ಥೈರಾಯ್ಡ್ ಇದೆ, ದಿನಾ ಮಾತ್ರೆ ತಗೋತೀನಿ" ಅನ್ನುವವರದ್ದು ಹಾರ್ಮೋನ್ ಕಡಿಮೆಯಾಗುವ ತೊಂದರೆ. ಅದು ಕ್ಯಾನ್ಸರೇ ಅಲ್ಲ. ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇಲ್ಲೇ ಮುಗಿಯುತ್ತವೆ.

ಮೆಡುಲ್ಲರಿ ಎಂದಿದ್ದರೆ ಮುಂದೆ ಓದಿ. "ನಮ್ಮ ಮನೇಲಿ ಬೇರೆ ಯಾರಿಗೂ ಇಲ್ಲ, ಹಾಗಾಗಿ ವಂಶದ್ದಲ್ಲ" ಎಂದು ನೀವೇ ತೀರ್ಮಾನ ಮಾಡಬೇಡಿ. ಮನೆತನದಲ್ಲಿ ಒಬ್ಬರೇ ಎಂದು ಕಂಡವರಲ್ಲೂ ಕೆಲವರಿಗೆ ರಕ್ತದಲ್ಲಿ ರೆಟ್ ತಪ್ಪು ಸಿಗುತ್ತದೆ. ಅದಕ್ಕೇ ಮೆಡುಲ್ಲರಿ ಬಂದ ಪ್ರತಿಯೊಬ್ಬರಿಗೂ, ವಯಸ್ಸು ಎಷ್ಟೇ ಇರಲಿ, ಜೀನ್ ಪರೀಕ್ಷೆ ಮಾಡಿಸಬೇಕು ಅನ್ನುವುದು ನಿಯಮ.

ಹಂತ 2: ವಂಶದ ಮರ ಬರೆಯಿರಿ

ಇದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು ಮತ್ತು ಊರಿನಲ್ಲಿರುವ ಒಬ್ಬ ದೊಡ್ಡಮ್ಮ. ಖರ್ಚಿಲ್ಲದ ಪರೀಕ್ಷೆ ಇದೊಂದೇ. ಆದರೂ ಜನ ಇದನ್ನೇ ಬಿಟ್ಟು ಬರುತ್ತಾರೆ.

ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ತೀರಿಕೊಂಡವರ ಮೇಲೆ ಒಂದು ಅಡ್ಡಗೀಟು. ಕಾಯಿಲೆ ಇದ್ದವರದ್ದನ್ನು ಪೆನ್ನಿನಲ್ಲಿ ತುಂಬಿಸಿ. ಕನಿಷ್ಠ ಮೂರು ತಲೆಮಾರು ಇರಲಿ: ಅಜ್ಜ-ಅಜ್ಜಿ, ಅವರ ಮಕ್ಕಳು, ನಿಮ್ಮ ತಲೆಮಾರು. ಪ್ರತಿಯೊಬ್ಬರ ಪಕ್ಕದಲ್ಲಿ ವಯಸ್ಸು, ಹೋದವರಾದರೆ ಎಷ್ಟನೇ ವಯಸ್ಸಿನಲ್ಲಿ, ಯಾತರಿಂದ.

ತೊಂದರೆ ಇರುವುದು 'ಯಾತರಿಂದ' ಎಂಬಲ್ಲಿ. ಊರಿನಲ್ಲಿ ಯಾರೂ "ಮೆಡುಲ್ಲರಿ ಕ್ಯಾನ್ಸರ್‌ನಿಂದ ಹೋದರು" ಅನ್ನುವುದಿಲ್ಲ. ಹಾಗಾಗಿ ಹೀಗೆ ಕೇಳಿ: ಯಾರಿಗಾದರೂ ಕುತ್ತಿಗೆಯಲ್ಲಿ ಗೆಡ್ಡೆ ಇತ್ತಾ? ಯಾರಾದರೂ ಚಿಕ್ಕ ವಯಸ್ಸಿಗೇ ಬಿಪಿ ಏರಿ ಕುಸಿದು ಬಿದ್ದರಾ? ಆಪರೇಷನ್ ಟೇಬಲ್ ಮೇಲೆ, ಇಲ್ಲವೇ ಹೆರಿಗೆಯಲ್ಲಿ ದಿಢೀರನೆ ಹೋದವರು ಇದ್ದಾರಾ? ಎದೆ ಡವಡವ, ತಲೆನೋವು, ಬೆವರು ಒಟ್ಟಿಗೆ ಬಂದು ಹೋಗುತ್ತಿತ್ತು, "ಮೈಮೇಲೆ ಬರುತ್ತಿತ್ತು" ಅಂತ ಯಾರ ಬಗ್ಗೆಯಾದರೂ ಹೇಳುತ್ತಿದ್ದರಾ? ಪದೇಪದೇ ಕಿಡ್ನಿ ಕಲ್ಲು ಯಾರಿಗಿತ್ತು? ಬೆನ್ನಿನ ಮೇಲ್ಭಾಗದಲ್ಲಿ, ರೆಕ್ಕೆಮೂಳೆಗಳ ನಡುವೆ, ವರ್ಷಗಟ್ಟಲೆ ತುರಿಸುವ ಕಪ್ಪು ಕಲೆ ಯಾರಿಗಿತ್ತು? ಈ ಕೊನೆಯದನ್ನು ಕೇಳಿ ನಗಬೇಡಿ. ಮೆನ್-2ಎ ಇರುವ ಕೆಲವು ಮನೆತನಗಳಲ್ಲಿ ಕುತ್ತಿಗೆಯ ಗೆಡ್ಡೆಗಿಂತ ಮೊದಲೇ ಕಾಣುವ ಗುರುತು ಅದು.

ಕರಾವಳಿ ಕಡೆಯವರಿಗೆ ಒಂದು ಮಾತು. ನಮ್ಮಲ್ಲಿ ಕುಟುಂಬ ಅಂದರೆ ತಾಯಿ ಕಡೆ ಎಂದು ಎಣಿಸುವ ರೂಢಿ ಹಲವರಿಗೆ ಇದೆ. ಆ ರೂಢಿಯಲ್ಲಿ ಮರ ಬರೆದರೆ ಅರ್ಧ ಮರ ಬಿಟ್ಟುಹೋಗುತ್ತದೆ. ಈ ಜೀನ್‌ಗೆ ತಾಯಿ ಕಡೆ ಎಣಿಸುವ ಅಳಿಯಕಟ್ಟೂ ಗೊತ್ತಿಲ್ಲ, ತಂದೆ ಕಡೆ ಎಣಿಸುವ ಮಕ್ಕಳಕಟ್ಟೂ ಗೊತ್ತಿಲ್ಲ. ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ಮಗನಿಗೂ ಹೋಗುತ್ತದೆ, ಮಗಳಿಗೂ ಹೋಗುತ್ತದೆ. ಇನ್ನು ಸೋದರಮಾವನ ಮಗಳನ್ನು ಮದುವೆಯಾದದ್ದರಿಂದ ಹೀಗಾಯಿತು ಎಂದು ಕೊರಗುವವರಿಗೆ: ಇದಕ್ಕೆ ಒಂದೇ ಕಡೆಯಿಂದ ಬಂದ ಒಂದು ತಪ್ಪು ಸಾಕು. ಸಂಬಂಧದಲ್ಲಿ ಮದುವೆ ಆಗಿದ್ದೇ ಕಾರಣ ಅಲ್ಲ.

ಪ್ರತಿ ಮಗುವಿಗೂ ಈ ತಪ್ಪು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರು ಮಕ್ಕಳಿದ್ದರೆ ಒಬ್ಬರಿಗೆ ಬಂದೇ ಬರುತ್ತದೆ, ಇನ್ನೊಬ್ಬರು ಪಾರು ಎಂದಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮಿದ ಹಾಗೆ.

ಹಂತ 3: ಮೊದಲು ಕಾಯಿಲೆ ಇರುವವರ ರಕ್ತ

ಕ್ರಮ ತಪ್ಪುವುದು ಇಲ್ಲಿ. ಅಪ್ಪ-ಅಮ್ಮನಿಗೆ ಮಗುವಿನದ್ದೇ ಚಿಂತೆ. ಹಾಗಾಗಿ ಸೀದಾ ಮಗುವನ್ನು ಕರೆದುಕೊಂಡು ಹೋಗಿ ಯಾವುದೋ ಲ್ಯಾಬಿನಲ್ಲಿ ದೊಡ್ಡ ಪ್ಯಾಕೇಜ್ ಮಾಡಿಸುತ್ತಾರೆ. 'ಏನೂ ಸಿಗಲಿಲ್ಲ' ಎಂದು ಬರುತ್ತದೆ. ಸಿಹಿ ಹಂಚುತ್ತಾರೆ. ಆದರೆ ಮನೆತನದಲ್ಲಿ ತಪ್ಪು ಯಾವ ಜಾಗದಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ, ಆ ಜಾಗವನ್ನು ಲ್ಯಾಬ್ ಓದಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಅಂಥ ರಿಪೋರ್ಟಿಗೆ ಬೆಲೆ ಕಡಿಮೆ.

ಆದ್ದರಿಂದ ಮೊದಲು ಕ್ಯಾನ್ಸರ್ ಬಂದವರ ರಕ್ತ. ನೇರಳೆ ಮುಚ್ಚಳದ ಒಂದು ಸಣ್ಣ ಟ್ಯೂಬ್ ಸಾಕು. ಖಾಲಿ ಹೊಟ್ಟೆ ಬೇಕಿಲ್ಲ. ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ಪರವಾಗಿಲ್ಲ, ಗ್ರಂಥಿ ಹೋದರೂ ಜೀನ್ ಎಲ್ಲಿಗೂ ಹೋಗಿರುವುದಿಲ್ಲ. ಅವರು ತೀರಿಕೊಂಡಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಮೇಣದಲ್ಲಿ ಅಚ್ಚು ಹಾಕಿಟ್ಟ ಗೆಡ್ಡೆಯ ತುಂಡು ಇದೆಯಾ ಎಂದು ಕೇಳಿ. ಅದನ್ನು 'ಬ್ಲಾಕ್' ಅನ್ನುತ್ತಾರೆ. ಅದರಿಂದಲೂ ಕೆಲವೊಮ್ಮೆ ಓದಬಹುದು.

ಎಲ್ಲಿ ಮಾಡಿಸುವುದು? ಪರೇಲ್‌ನ ಟಾಟಾ ಮೆಮೋರಿಯಲ್ 1941ರಿಂದ ಕ್ಯಾನ್ಸರಿಗೇ ಇರುವ ಆಸ್ಪತ್ರೆ. ಆನುವಂಶಿಕ ಕ್ಯಾನ್ಸರಿಗೆಂದೇ ಅಲ್ಲಿ ಪ್ರತ್ಯೇಕ ಜೆನೆಟಿಕ್ಸ್ ವಿಭಾಗ ಇದೆ. ಅದರದ್ದೇ ಇನ್ನೊಂದು ದೊಡ್ಡ ಕೇಂದ್ರ ಆಕ್ಟ್ರೆಕ್, ನವಿ ಮುಂಬಯಿಯ ಖಾರ್ಘರ್‌ನಲ್ಲಿದೆ. ಟಾಟಾದಿಂದ ಕೂಗಳತೆ ದೂರದಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ ಎಂಡೋಕ್ರೈನಾಲಜಿ, ಅಂದರೆ ಹಾರ್ಮೋನ್ ಗ್ರಂಥಿಗಳ ವಿಭಾಗ ಇದೆ. ಖಾಸಗಿ ಲ್ಯಾಬ್‌ಗಳಲ್ಲೂ ಆಗುತ್ತದೆ. ಎಲ್ಲೇ ಮಾಡಿಸಿ, ಪರೀಕ್ಷೆಗೆ ಮುಂಚೆ ಒಮ್ಮೆ, ರಿಪೋರ್ಟ್ ಬಂದ ಮೇಲೆ ಒಮ್ಮೆ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಜೀನ್ ರಿಪೋರ್ಟನ್ನು ಮನೆಯವರಿಗೆ ಬಿಡಿಸಿ ಹೇಳಲೆಂದೇ ಕಲಿತವರು ಅವರು. ಹಿಂದಿ ಮರಾಠಿ ಬರದ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದರೆ ಕನ್ನಡ ಬಲ್ಲವರೊಬ್ಬರು ಜೊತೆಯಲ್ಲಿರಲಿ. ಸಹಿ ಹಾಕುವ ಕಾಗದದಲ್ಲಿ ಏನಿದೆ ಎಂದು ಅಜ್ಜಿಗೂ ತಿಳಿಯಬೇಕು ಅಲ್ವಾ?

ಎಚ್ಚರಿಕೆ: ಗೆಡ್ಡೆಯ ಪರೀಕ್ಷೆ ಬೇರೆ, ರಕ್ತದ ಪರೀಕ್ಷೆ ಬೇರೆ. ವಂಶದಿಂದ ಬರದ ಮೆಡುಲ್ಲರಿ ಗೆಡ್ಡೆಗಳಲ್ಲೂ ಸುಮಾರು ಅರ್ಧದಷ್ಟರಲ್ಲಿ ರೆಟ್ ತಪ್ಪು ಸಿಗುತ್ತದೆ. ಅದು ಆ ಗೆಡ್ಡೆಯೊಳಗೇ ಹುಟ್ಟಿ ಅಲ್ಲೇ ಇರುವ ತಪ್ಪು, ಮಕ್ಕಳಿಗೆ ದಾಟುವುದಿಲ್ಲ. ಗೆಡ್ಡೆಯ ರಿಪೋರ್ಟಿನಲ್ಲಿ 'ರೆಟ್ ಪಾಸಿಟಿವ್' ನೋಡಿ ಇಡೀ ಮನೆತನ ಮೂರು ವಾರ ಊಟ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ರಕ್ತದಲ್ಲಿ ಏನೂ ಇರಲಿಲ್ಲ. ರಿಪೋರ್ಟಿನಲ್ಲಿ 'ಜರ್ಮ್‌ಲೈನ್' ಎಂದಿದ್ದರೆ ಹುಟ್ಟಿನಿಂದ ಬಂದದ್ದು, 'ಸೊಮ್ಯಾಟಿಕ್' ಎಂದಿದ್ದರೆ ಗೆಡ್ಡೆಯದ್ದು ಮಾತ್ರ.

ಹಂತ 4: ರಿಪೋರ್ಟಿನ ಸಂಖ್ಯೆ ಓದುವುದು

'ಪಾಸಿಟಿವ್' ಎಂಬ ಪದಕ್ಕಿಂತ ಅದರ ಪಕ್ಕದ ಸಂಖ್ಯೆ ಮುಖ್ಯ. ರಿಪೋರ್ಟಿನಲ್ಲಿ 'ಸಿ.1900 ಟಿ>ಸಿ, ಪಿ.ಸಿಸ್634ಆರ್ಗ್' ಎಂಬಂಥ ಒಂದು ಸಾಲು ಇರುತ್ತದೆ. ಹೆದರಬೇಡಿ. ಮೊದಲ ಭಾಗ, ಬರಹದ 1900ನೇ ಅಕ್ಷರ ಟಿ ಇರಬೇಕಾದಲ್ಲಿ ಸಿ ಆಗಿದೆ ಎನ್ನುತ್ತದೆ. ಎರಡನೆಯದು, ಅದರಿಂದಾಗಿ ಪ್ರೋಟೀನಿನ 634ನೇ ಮಣಿ ಬದಲಾಗಿದೆ ಎನ್ನುತ್ತದೆ. ಪ್ರೋಟೀನ್ ಅಂದರೆ ಮಣಿಸರ. ಒಂದೊಂದು ಮಣಿಗೂ ಮೂರು ಅಕ್ಷರದ ಒಂದು ಕೋಡ್, ಅದಕ್ಕೆ ಕೋಡಾನ್ ಎಂದು ಹೆಸರು. ಡಾಕ್ಟರು "ಯಾವ ಕೋಡಾನ್?" ಎಂದು ಕೇಳಿದರೆ ಹೇಳಬೇಕಾದದ್ದು ಈ 634 ಎಂಬ ಸಂಖ್ಯೆ.

ಮಗುವಿಗೆ ಯಾವಾಗ ಆಪರೇಷನ್ ಎಂದು ಹೇಳುವುದು ಮುಖ್ಯವಾಗಿ ಈ ಸಂಖ್ಯೆಯೇ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಕೊಟ್ಟ ವಿಂಗಡಣೆಯಲ್ಲಿ ಮೂರು ಮೆಟ್ಟಿಲಿವೆ.

ಅತಿ ಹೆಚ್ಚು ಅಪಾಯ: 918ನೇ ಕೋಡಾನ್, ರಿಪೋರ್ಟಿನಲ್ಲಿ ಎಂ918ಟಿ ಎಂದಿರುತ್ತದೆ. ಇದು ಮೆನ್-2ಬಿ. ಕ್ಯಾನ್ಸರ್ ಹಸುಗೂಸಿನಲ್ಲೇ ಶುರುವಾಗಬಹುದು. ಮೊದಲ ಹುಟ್ಟುಹಬ್ಬದೊಳಗೆ ಥೈರಾಯ್ಡ್ ತೆಗೆಯಲು ಹೇಳುತ್ತಾರೆ. ಈ ಬಗೆಯಲ್ಲಿ ತಪ್ಪು ಬಹುಪಾಲು ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ, ಅಪ್ಪ-ಅಮ್ಮನಲ್ಲಿ ಇರುವುದಿಲ್ಲ. ಹಾಗಾಗಿ ಮನೆತನದ ಕಥೆ ಯಾವ ಸುಳಿವನ್ನೂ ಕೊಡುವುದಿಲ್ಲ. ಅಳುವಾಗ ಕಣ್ಣೀರು ಬರದ ಕೂಸು, ಹುಟ್ಟಿದಾಗಿನಿಂದ ಮಲಬದ್ಧತೆ, ಸ್ವಲ್ಪ ದೊಡ್ಡದಾದ ಮೇಲೆ ನಾಲಿಗೆ ತುದಿಯಲ್ಲಿ, ತುಟಿಯಲ್ಲಿ ಸಣ್ಣ ಸಣ್ಣ ಗುಳ್ಳೆಯಂಥ ಗಂಟು. ಇವು ಒಟ್ಟಿಗೆ ಕಂಡರೆ ಮಕ್ಕಳ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.

ಹೆಚ್ಚು ಅಪಾಯ: 634 ಮತ್ತು 883. ಐದು ವರ್ಷ ತುಂಬುವ ಹೊತ್ತಿಗೆ ಥೈರಾಯ್ಡ್ ತೆಗೆಯಬೇಕು. ಸಿ-ಕೋಶಗಳು ಬೆಳೆಯುತ್ತಿರುವ ಗುರುತಾಗಿ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಏರುತ್ತಿದ್ದರೆ ಅದಕ್ಕೂ ಮುಂಚೆ.

ಮಧ್ಯಮ: 609, 611, 618, 620, 768, 790, 804, 891 ಮುಂತಾದವು. ಇಲ್ಲಿ ಆತುರವಿಲ್ಲ. ಸುಮಾರು ಐದನೇ ವಯಸ್ಸಿನಿಂದ ಕುತ್ತಿಗೆಯ ಸೋನೋಗ್ರಫಿ, ಕ್ಯಾಲ್ಸಿಟೋನಿನ್ ನೋಡುತ್ತಾ ಹೋಗಿ, ಅದು ಏರಿದಾಗ ಆಪರೇಷನ್ ಮಾಡಬಹುದು. ವರ್ಷವರ್ಷ ಭಯದಲ್ಲಿ ಕಾಯುವುದು ಬೇಡ, ಮುಂಚೆಯೇ ಮುಗಿಸಿಬಿಡೋಣ ಅನ್ನುವ ಅಪ್ಪ-ಅಮ್ಮನ ಮಾತಿಗೂ ಬೆಲೆ ಇದೆ.

ಅಂದರೆ "ರೆಟ್ ಪಾಸಿಟಿವ್, ಕೂಡಲೇ ಆಪರೇಷನ್" ಎನ್ನುವುದೂ ತಪ್ಪು, "ದೊಡ್ಡವನಾಗಲಿ ನೋಡೋಣ" ಎನ್ನುವುದೂ ತಪ್ಪು. ಸಂಖ್ಯೆ ಕೇಳದೆ ಯಾರು ಸಲಹೆ ಕೊಟ್ಟರೂ, ಅವರು ಎಷ್ಟೇ ದೊಡ್ಡವರಾಗಿರಲಿ, ಇನ್ನೊಬ್ಬರನ್ನು ಕೇಳಿ.

ಇಲ್ಲಿ ಎರಡು ಗುಂಡಿಗಳಿವೆ, ಕಾಲಿಡಬೇಡಿ. ಒಂದು 'ವಿಯುಎಸ್'. ಬದಲಾವಣೆ ಕಂಡಿದೆ, ಆದರೆ ಅದು ಕೆಟ್ಟದ್ದೋ ಸುಮ್ನೆ ಇರುವಂಥದ್ದೋ ಇನ್ನೂ ಗೊತ್ತಾಗಿಲ್ಲ ಎಂದು ಅದರ ಅರ್ಥ. ಬರೀ ವಿಯುಎಸ್ ನೋಡಿ ಗ್ರಂಥಿ ತೆಗೆಸಬಾರದು. ವರ್ಷ ಎರಡು ವರ್ಷಕ್ಕೊಮ್ಮೆ ಅದರ ಬಗ್ಗೆ ಹೊಸದೇನಾದರೂ ತಿಳಿದಿದೆಯಾ ಎಂದು ಲ್ಯಾಬಿಗೆ ಕೇಳಿ. ಇನ್ನೊಂದು, ಬಹಳ ಜನರಲ್ಲಿ ಕಾಣುವ ಜಿ691ಎಸ್ ಎಂಬಂಥ ಬದಲಾವಣೆ. ಮುಖದ ಮಚ್ಚೆಯ ಹಾಗೆ, ಇದ್ದರೆ ಇದೆ ಅಷ್ಟೆ. ಅದಕ್ಕೆ ಆಪರೇಷನ್ ಇಲ್ಲ.

ಬೇರೆ ಹಾರ್ಮೋನ್ ಗ್ರಂಥಿಗಳ ಆನುವಂಶಿಕ ಗೆಡ್ಡೆಗಳ ಬಗ್ಗೆಯೂ ಕೇಳುತ್ತಾರೆ. ಮೆನ್-1 ಎಂಬುದು 11ನೇ ಕ್ರೋಮೋಸೋಮಿನ ಬೇರೆಯೇ ಜೀನ್, ಪ್ಯಾರಾಥೈರಾಯ್ಡ್, ಪಿಟ್ಯುಟರಿ, ಮೇದೋಜೀರಕ ಗ್ರಂಥಿಗಳಿಗೆ ಸಂಬಂಧಿಸಿದ್ದು. ವಿಎಚ್‌ಎಲ್, ಎಸ್‌ಡಿಎಚ್‌ಬಿ ಮುಂತಾದ ಬೇರೆ ಜೀನ್‌ಗಳೂ ಇವೆ. ಅವುಗಳಲ್ಲಿ ಮುಂಚಿತವಾಗಿ ಗ್ರಂಥಿ ತೆಗೆಯುವ ಪದ್ಧತಿ ಇಲ್ಲ. ಕಾಲಕಾಲಕ್ಕೆ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡಿ ಕಾವಲು ಕಾಯುತ್ತಾರೆ. ಥೈರಾಯ್ಡ್ ಇಲ್ಲದೆಯೂ ಒಂದು ಮಾತ್ರೆಯಲ್ಲಿ ಬದುಕಬಹುದು. ಮೇದೋಜೀರಕ ಗ್ರಂಥಿಯ ವಿಷಯದಲ್ಲಿ ಹಾಗೆ ಹೇಳಲಾಗುವುದಿಲ್ಲ.

ಹಂತ 5: ಮಿಕ್ಕವರ ಪರೀಕ್ಷೆ, ಮೆಟ್ಟಿಲು ಮೆಟ್ಟಿಲಾಗಿ

ಮನೆತನದ ಸಂಖ್ಯೆ ಸಿಕ್ಕಿತು ಅಂದರೆ ಮಿಕ್ಕವರಿಗೆ ದೊಡ್ಡ ಪ್ಯಾಕೇಜ್ ಬೇಡ. ಆ ಒಂದು ಜಾಗ ಮಾತ್ರ ಓದುವ ಪರೀಕ್ಷೆ ಸಾಕು. ಖರ್ಚು ತುಂಬಾ ಕಡಿಮೆ. ಮೂಲ ರಿಪೋರ್ಟಿನ ಪ್ರತಿ ಲ್ಯಾಬಿಗೆ ಕೊಡಿ, "ಈ ಜಾಗ ನೋಡಿ" ಎಂದು ಬರೆಸಿ.

ಮೇಲಿನಿಂದ ಕೆಳಗೆ ಇಳಿಯಿರಿ. ಅತ್ತೆಗೆ ಇದ್ದರೆ ಮೊದಲು ಅವರ ಮಕ್ಕಳು, ಅಂದರೆ ನಿಮ್ಮ ಯಜಮಾನರು, ಭಾವ, ನಾದಿನಿ. ಯಜಮಾನರಿಗೆ ಇಲ್ಲ ಎಂದರೆ ನಿಮ್ಮ ಮಗನಿಗೆ ಪರೀಕ್ಷೆಯೇ ಬೇಡ. ಈ ಜೀನ್ ಒಂದು ತಲೆಮಾರು ಹಾರಿ ಮುಂದಿನದಕ್ಕೆ ಬರುವುದಿಲ್ಲ. ಹಾಗೆಯೇ ಅತ್ತೆಯ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ ಹೇಳಬೇಕು.

ಸಂಖ್ಯೆ ಗೊತ್ತಿರುವ ಮನೆತನದಲ್ಲಿ 'ಇಲ್ಲ' ಎಂದು ಬಂದರೆ ಅದು ಗಟ್ಟಿ 'ಇಲ್ಲ'. ಅವರಿಗೆ ವರ್ಷವರ್ಷ ಕ್ಯಾಲ್ಸಿಟೋನಿನ್ ಬೇಡ, ಸೋನೋಗ್ರಫಿ ಬೇಡ. ರೆಟ್‌ಗೂ ಮೆನ್-2ಎಗೂ ಇರುವ ನಂಟು ತಿಳಿದದ್ದು 1993ರಲ್ಲಿ. ಅದಕ್ಕೂ ಮುಂಚೆ ಇಂಥ ಮನೆತನದ ಮಕ್ಕಳೆಲ್ಲರಿಗೂ ವರ್ಷವರ್ಷ ಇಂಜೆಕ್ಷನ್ ಕೊಟ್ಟು, ಕ್ಯಾಲ್ಸಿಟೋನಿನ್ ಏರುತ್ತದಾ ಎಂದು ನೋಡಬೇಕಿತ್ತು. ಈಗ ಜೀವಮಾನಕ್ಕೆ ಒಂದು ಟ್ಯೂಬ್ ರಕ್ತ.

"ಹೆಣ್ಣುಮಗಳು, ಮದುವೆ ಆಗಬೇಕು, ಪರೀಕ್ಷೆಯೇ ಬೇಡ" ಎನ್ನುವವರು ಸಿಗುತ್ತಾರೆ. ನನ್ನ ಉತ್ತರ ನೇರ: ಗೊತ್ತಾಗದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ಅಡ್ರಿನಲ್ ಗೆಡ್ಡೆ ಗೊತ್ತಾಗದೆ ಬಸುರಿಯಾದರೆ ತಾಯಿಗೂ ಮಗುವಿಗೂ ಅಪಾಯ. ಮದುವೆಗೆ ಮುಂಚೆ ಗೊತ್ತಿದ್ದರೆ ಎಲ್ಲಕ್ಕೂ ದಾರಿ ಇದೆ.

ಹಂತ 6: ಕುತ್ತಿಗೆಗಿಂತ ಮೊದಲು ಅಡ್ರಿನಲ್

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

634 ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಬದುಕಿನಲ್ಲಿ ಎಂದಾದರೂ ಅಡ್ರಿನಲ್‌ನಲ್ಲಿ ಗೆಡ್ಡೆ ಬರುತ್ತದೆ. ಹೆಸರು ಫಿಯೋಕ್ರೋಮೋಸೈಟೋಮಾ, ಡಾಕ್ಟರ ಬಾಯಲ್ಲಿ ಬರೀ 'ಫಿಯೋ'. ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಅಡ್ರಿನಲಿನ್ ಥರದ ಹಾರ್ಮೋನುಗಳನ್ನು ಬೇಕೆಂದಾಗ ಸುರಿಯುತ್ತದೆ. ಅದು ಇರುವುದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಬಿಪಿ ಎಲ್ಲಿಗೋ ಹೋಗಿ ಟೇಬಲ್ ಮೇಲೆಯೇ ಪ್ರಾಣ ಹೋಗಬಹುದು. ಹಂತ 2ರಲ್ಲಿ "ಆಪರೇಷನ್ ಟೇಬಲ್ ಮೇಲೆ ಹೋದವರು ಇದ್ದಾರಾ" ಎಂದು ದೊಡ್ಡಮ್ಮನನ್ನು ಕೇಳಿ ಎಂದದ್ದು ಇದಕ್ಕೇ.

918, 634, 883 ಇದ್ದವರಿಗೆ 11ನೇ ವಯಸ್ಸಿನಿಂದ, ಮಧ್ಯಮದವರಿಗೆ 16ರಿಂದ ಪ್ರತಿ ವರ್ಷ ಫಿಯೋ ಪರೀಕ್ಷೆ. ದೊಡ್ಡವರಿಗೆ ಯಾವುದೇ ಆಪರೇಷನ್‌ಗೆ ಮುಂಚೆ, ಅದು ಹರ್ನಿಯಾ ಆದರೂ ಸರಿ. ಹೆಂಗಸರಿಗೆ ಬಸುರಿಯಾಗಲು ಯೋಚಿಸುವ ಮುಂಚೆ. ಪರೀಕ್ಷೆ ಎರಡು ಬಗೆ: ರಕ್ತದಲ್ಲಿ ಮೆಟನೆಫ್ರಿನ್, ಇಲ್ಲವೇ 24 ಗಂಟೆಯ ಮೂತ್ರದಲ್ಲಿ ಅದೇ. ಮೆಟನೆಫ್ರಿನ್ ಅಂದರೆ ಅಡ್ರಿನಲಿನ್ ಕರಗಿದ ಮೇಲೆ ಉಳಿಯುವ ವಸ್ತು.

ರಕ್ತವಾದರೆ 20ರಿಂದ 30 ನಿಮಿಷ ಮಲಗಿದ್ದು, ಮಲಗಿದ ಹಾಗೇ ತೆಗೆಸಬೇಕು. ಡೊಂಬಿವ್ಲಿಯಿಂದ ಬೆಳಗಿನ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದು, ಮೆಟ್ಟಿಲು ಹತ್ತಿ, ಚಾ ಕುಡಿದು, ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ಸುಳ್ಳೇ ಜಾಸ್ತಿ ಬರುತ್ತದೆ. ಮಲಗಿಸುವ ವ್ಯವಸ್ಥೆ ಇದೆಯಾ ಎಂದು ಮೊದಲೇ ಫೋನ್ ಮಾಡಿ ಕೇಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಲೆಕ್ಕ ಕೆಡಿಸುತ್ತವೆ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಮೂತ್ರದ ಪರೀಕ್ಷೆಗೆ ಭಾನುವಾರ ಆರಿಸಿಕೊಳ್ಳಿ. ಆಫೀಸಿಗೆ ಕ್ಯಾನ್ ಹೊತ್ತುಕೊಂಡು ಹೋಗುವುದು ಆಗದ ಮಾತು. ಲ್ಯಾಬಿನವರು ಕೊಟ್ಟ ಕ್ಯಾನಿನಲ್ಲಿ ತಳಕ್ಕೆ ಸ್ವಲ್ಪ ಆಸಿಡ್ ಇರಬಹುದು, ತೊಳೆಯಬೇಡಿ, ಚೆಲ್ಲಬೇಡಿ. ಭಾನುವಾರ ಬೆಳಿಗ್ಗೆ ಎದ್ದ ಮೊದಲ ಮೂತ್ರ ಬಿಟ್ಟುಬಿಡಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಪ್ರತಿ ಸಲದ್ದೂ ಒಂದು ಮಗ್ಗಿನಲ್ಲಿ ಹಿಡಿದು ಕ್ಯಾನಿಗೆ. ಸೋಮವಾರ ಅದೇ ಗಂಟೆಗೆ ಎದ್ದ ಮೊದಲನೆಯದು ಒಳಗೆ. ನಡುವೆ ಒಂದು ಸಲ ಮರೆತರೂ ಮತ್ತೆ ಮೊದಲಿನಿಂದ ಶುರು. ಚಾಳಿನ ಸಾರ್ವಜನಿಕ ಪಾಯಖಾನೆ ಬಳಸುವವರಿಗೆ ಇದು ಎಷ್ಟು ಕಷ್ಟ ಎಂದು ಗೊತ್ತು. ಅವರು ರಕ್ತದ ಪರೀಕ್ಷೆಯನ್ನೇ ಕೇಳಿ.

ಫಿಯೋ ಸಿಕ್ಕರೆ ಮೊದಲು ಅದರ ಆಪರೇಷನ್, ಆಮೇಲೆ ಕುತ್ತಿಗೆಯದ್ದು. ಅದಕ್ಕೂ ಮುಂಚೆ ಬಿಪಿ ಹತೋಟಿಗೆ ಒಂದೆರಡು ವಾರ ಆಲ್ಫಾ ಬ್ಲಾಕರ್ ಎಂಬ ಮಾತ್ರೆ ಕೊಡುತ್ತಾರೆ. "ದೂರದಿಂದ ಬಂದಿದ್ದೇವೆ, ಬೇಗ ಮುಗಿಸಿಕೊಡಿ" ಎಂದು ಈ ಎರಡು ವಾರಕ್ಕೆ ಚೌಕಾಸಿ ಮಾಡಬೇಡಿ.

ಹಂತ 7: ಆಪರೇಷನ್

ಮುಂಚೆ ಕ್ಯಾಲ್ಸಿಟೋನಿನ್ ಪರೀಕ್ಷೆ ಬೇಕು. ಈ ರಕ್ತ ತಂಪಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಕೆಡುತ್ತದೆ. ಗಲ್ಲಿಯ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟರೆ ಹೇಗೆ ಕಳಿಸುತ್ತಾರೆ ಎಂದು ಕೇಳಿ. ಗ್ಯಾಸಿಗೆಂದು ದಿನಾ ನುಂಗುವ ಪ್ಯಾಂಟೊಪ್ರಜೋಲ್, ಓಮೆಪ್ರಜೋಲ್ ಮಾತ್ರೆಗಳು ಕ್ಯಾಲ್ಸಿಟೋನಿನ್ ಏರಿಸುತ್ತವೆ, ಅದನ್ನೂ ಹೇಳಿ. ಆರು ತಿಂಗಳೊಳಗಿನ ಕೂಸುಗಳಲ್ಲಿ ಅದು ಸಹಜವಾಗಿಯೇ ಜಾಸ್ತಿ ಇರುತ್ತದೆ.

ತೆಗೆಯುವುದು ಇಡೀ ಥೈರಾಯ್ಡ್. ಅರ್ಧ ಉಳಿಸಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಉಳಿದ ಅರ್ಧದಲ್ಲೂ ಅದೇ ಕೋಶಗಳಿವೆ. ಕ್ಯಾಲ್ಸಿಟೋನಿನ್ (ಪಿಜಿ/ಎಂಎಲ್ ಲೆಕ್ಕದಲ್ಲಿ) 40ರ ಒಳಗಿದ್ದು ಸೋನೋಗ್ರಫಿಯಲ್ಲಿ ಏನೂ ಕಾಣದಿದ್ದರೆ ಮಗುವಿನ ಕುತ್ತಿಗೆಯ ದುಗ್ಧಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಸರ್ಜನ್ ಆಯ್ಕೆ ಬಹಳ ಮುಖ್ಯ. ಐದು ವರ್ಷದ ಮಗುವಿನ ಪ್ಯಾರಾಥೈರಾಯ್ಡ್ ಅಕ್ಕಿಕಾಳಿಗಿಂತ ದೊಡ್ಡದಿರುವುದಿಲ್ಲ. ಪಕ್ಕದಲ್ಲೇ ದನಿಯ ನರ ಹಾದುಹೋಗುತ್ತದೆ. "ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ? ಅದರಲ್ಲಿ ಮಕ್ಕಳದ್ದು ಎಷ್ಟು? ಎಷ್ಟು ಮಕ್ಕಳಿಗೆ ಕ್ಯಾಲ್ಸಿಯಂ ಕಾಯಂ ಮಾತ್ರೆ ಬೇಕಾಯಿತು?" ಎಂದು ಕೇಳಿ. ಕೇಳಲು ಸಂಕೋಚ ಬೇಡ. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆ ಹತ್ತಿರ ಎಂಬ ಕಾರಣಕ್ಕೆ ಮಾತ್ರ ನರ್ಸಿಂಗ್ ಹೋಮ್ ಆರಿಸಬೇಡಿ.

ಹಂತ 8: ಮನೆಗೆ ಬಂದ ಮೇಲೆ

ಮೊದಲ ಕೆಲವು ದಿನ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಂ ಅನ್ನುತ್ತದಾ ನೋಡಿ. ಅದು ಕ್ಯಾಲ್ಸಿಯಂ ಇಳಿದ ಗುರುತು. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ, "ಬಾಯಲ್ಲಿ ಇರುವೆ ಹರಿದ ಹಾಗೆ ಆಗುತ್ತಾ?" ಎಂದು ಕೇಳಿ. ಹೌದು ಎಂದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.

ಥೈರಾಯ್ಡ್ ಹಾರ್ಮೋನಿನ ಬದಲಿಗೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆ ಜೀವಮಾನ ಪೂರ್ತಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ನೀರಿನ ಜೊತೆ. ಹಾಲು, ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಎರಡನ್ನೂ ಒಟ್ಟಿಗೆ ನುಂಗಿಸುವುದೇ ಎಲ್ಲರೂ ಮಾಡುವ ತಪ್ಪು. ಮಗು ಬೆಳೆದ ಹಾಗೆ ಪ್ರಮಾಣ ಬದಲಾಗುತ್ತದೆ, ಹೇಳಿದ ದಿನ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ಮುಂಬಯಿಯ ಮಳೆಗಾಲದಲ್ಲಿ ಮಾತ್ರೆಯನ್ನು ಬಾಟಲಿಯಿಂದ ತೆಗೆದು ಅಡುಗೆಮನೆಯ ಡಬ್ಬಿಯಲ್ಲಿ ಇಡಬೇಡಿ, ತೇವಕ್ಕೆ ಕೆಡುತ್ತದೆ. ಬೇರೆ ಬಗೆಯ ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ರೇಡಿಯೋ ಅಯೋಡಿನ್ ಕೊಡಿಸಬೇಕಾ ಎಂದು ಪಕ್ಕದ ಮನೆಯವರು ಕೇಳಬಹುದು. ಸಿ-ಕೋಶಗಳು ಅಯೋಡಿನ್ ಹೀರುವುದಿಲ್ಲ, ಮೆಡುಲ್ಲರಿಗೆ ಅದು ಕೆಲಸಕ್ಕೆ ಬಾರದು. ಥೈರಾಯ್ಡ್ ಹೋದರೂ ಫಿಯೋ ಪರೀಕ್ಷೆ ವರ್ಷವರ್ಷ ಇರುತ್ತದೆ. ಅದನ್ನು ಜನ ಮರೆಯುತ್ತಾರೆ.

ಹಂತ 9: ದುಡ್ಡು

ರೇಷನ್ ಕಾರ್ಡ್ ಇಲ್ಲಿನದ್ದಾ ಊರಿನದ್ದಾ ನೋಡಿ. ಮಹಾರಾಷ್ಟ್ರದ್ದಾದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ಕೇಳಿ. ಆಯುಷ್ಮಾನ್ ಕಾರ್ಡ್ ಯಾವ ರಾಜ್ಯದಲ್ಲಿ ಮಾಡಿಸಿದ್ದರೂ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯುತ್ತದೆ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಬಳಿ ಮೊದಲ ದಿನವೇ ಹೋಗಿ, ಬಿಲ್ ಆದ ಮೇಲೆ ಅಲ್ಲ. ಖಾಸಗಿ ವಿಮೆ ಇದ್ದವರಿಗೆ: ಆನುವಂಶಿಕ ಕಾಯಿಲೆ ಎಂಬ ಒಂದೇ ನೆಪದಲ್ಲಿ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2018ರ ಮಾರ್ಚ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಆದರೂ "ಮಗುವಿಗೆ ಕಾಯಿಲೆಯೇ ಇಲ್ಲವಲ್ಲ, ಆಪರೇಷನ್ ಯಾಕೆ?" ಎಂದು ತಕರಾರು ತೆಗೆಯಬಹುದು. ಕೋಡಾನ್ ಸಂಖ್ಯೆ ಬರೆದು, ಈ ವಯಸ್ಸಿನಲ್ಲೇ ಯಾಕೆ ಎಂದು ವಿವರಿಸಿದ ಡಾಕ್ಟರ ಪತ್ರವನ್ನು ಮುಂಚೆಯೇ ಪಡೆದು ಒಪ್ಪಿಗೆ ಕೇಳಿ.

ಹಂತ 10: ಊರಿಗೆ ತಿಳಿಸುವುದು

ಡಾಕ್ಟರು ನಿಮ್ಮ ಸಂಬಂಧಿಕರಿಗೆ ಫೋನ್ ಮಾಡುವುದಿಲ್ಲ. ಅದು ನಿಮ್ಮ ಕೆಲಸ. ಹೇಗೆ ಶುರು ಮಾಡುವುದು ಎಂದು ತೋಚದವರು ಇದನ್ನೇ ಬದಲಿಸಿ ಕಳಿಸಿ:

"ಮಾವ, ಅಮ್ಮನಿಗೆ ಬಂದದ್ದು ಮೆಡುಲ್ಲರಿ ಎಂಬ ಥೈರಾಯ್ಡ್ ಕ್ಯಾನ್ಸರ್. ರಕ್ತದ ಪರೀಕ್ಷೆಯಲ್ಲಿ ರೆಟ್ ಜೀನಿನ 634ನೇ ಜಾಗದಲ್ಲಿ ತಪ್ಪು ಸಿಕ್ಕಿದೆ. ಇದು ಹುಟ್ಟಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ. ಅಮ್ಮನ ಅಣ್ಣ ಆದ್ದರಿಂದ ನಿಮಗೂ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಜಾಗ ಮಾತ್ರ ನೋಡುವ ರಕ್ತ ಪರೀಕ್ಷೆ ಇದೆ. ನಿಮಗೆ ಇಲ್ಲ ಎಂದಾದರೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಏನೂ ಬೇಡ. ಅಲ್ಲಿಯವರೆಗೆ ಯಾವ ಆಪರೇಷನ್‌ಗೆ ಹೋದರೂ ಡಾಕ್ಟರಿಗೆ ಈ ಮೆಸೇಜ್ ತೋರಿಸಿ. ರಿಪೋರ್ಟ್ ಜೊತೆಗಿಟ್ಟಿದ್ದೇನೆ. ರಾತ್ರಿ ಫೋನ್ ಮಾಡುತ್ತೇನೆ."

ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬೊಬ್ಬರಿಗೇ ಕಳಿಸಿ. ಅಮ್ಮನ ಒಪ್ಪಿಗೆ ಕೇಳಿಯೇ ರಿಪೋರ್ಟ್ ಲಗತ್ತಿಸಿ. ಮತ್ತೆ ಆ ರಾತ್ರಿ ಫೋನ್ ಮಾಡಿ. ಮೆಸೇಜ್ ನೋಡಿದ ಮಾವ ಮೊದಲು ಕೇಳುವ ಪ್ರಶ್ನೆ ಜೀನಿನ ಬಗ್ಗೆ ಇರುವುದಿಲ್ಲ, "ಅವಳು ಈಗ ಹೇಗಿದ್ದಾಳೆ?" ಎಂದಿರುತ್ತದೆ.